ಚಿಕ್ಕಬಳ್ಳಾಪುರದಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಎಡವಟ್ಟಾಗಿರುವುದು ಐಸಿನ ಹತ್ತಿರ

ಪ್ರಶ್ನೆ: ಚಿಕ್ಕಬಳ್ಳಾಪುರದ ಪಕ್ಕದ ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಒಂಬತ್ತನೇ ತರಗತಿಗೆ ದ್ರವ್ಯದ ಸ್ಥಿತಿಗಳ ಪಾಠದಲ್ಲಿ ಐಸ್ ಕಾಯಿಸುವ ಚಟುವಟಿಕೆ ಮಾಡಿಸಿದೆ. ಬೀಕರಿನಲ್ಲಿ 150 ಗ್ರಾಂ ಐಸ್, ಒಳಗೆ ಥರ್ಮಾಮೀಟರ್, ಕೆಳಗೆ ಸ್ಪಿರಿಟ್ ದೀಪ. ಐಸ್ ಕರಗುವಾಗ ಥರ್ಮಾಮೀಟರ್ 0 ತೋರಿಸಲೇ ಇಲ್ಲ, 4ರ ಆಸುಪಾಸಿನಲ್ಲೇ ಇತ್ತು. ಕುದಿಯುವಾಗ 97ಕ್ಕೆ ನಿಂತುಬಿಟ್ಟಿತು, ಎಷ್ಟು ಹೊತ್ತು ಕಾಯಿಸಿದರೂ ಮೇಲೇರಲಿಲ್ಲ. "ಪುಸ್ತಕದಲ್ಲಿ 0, 100 ಅಂತಿದೆಯಲ್ಲಾ ಮಿಸ್" ಅಂತ ಮಕ್ಕಳು ಕೇಳುತ್ತಿದ್ದಾರೆ. ಥರ್ಮಾಮೀಟರ್ ಕೆಟ್ಟಿದೆಯಾ? ನಮ್ಮದು ಬೋರ್‌ವೆಲ್ ನೀರು, ಉಪ್ಪಿನಂಶ ಜಾಸ್ತಿ, ಅದರಿಂದಲಾ? ರೆಕಾರ್ಡಿನಲ್ಲಿ ಏನು ಬರೆಸಲಿ?

ಉತ್ತರ: ಮೇಡಂ, ನಿಮಗೆ ಅನುಮಾನ ಬಂದಿರುವುದು 97ರ ಮೇಲೆ. ಆದರೆ ನಿಮ್ಮೂರಿನಲ್ಲಿ ನೀರು ಕುದಿಯಬೇಕಾದದ್ದೇ 97ಕ್ಕೆ. ತಪ್ಪಿರುವುದು 4. ಅದರಲ್ಲೂ ಥರ್ಮಾಮೀಟರಿನದ್ದಕ್ಕಿಂತ ಪ್ರಯೋಗ ಜೋಡಿಸಿದ ರೀತಿಯ ತಪ್ಪೇ ಇರುವ ಸಂಭವ ಹೆಚ್ಚು. ಬೋರ್‌ವೆಲ್ ನೀರಿಗೂ ಇದಕ್ಕೂ ಸಂಬಂಧವಿಲ್ಲ.

ಮೊದಲು ಐಸಿನ ವಿಷಯ ನೋಡೋಣ. ಅಲ್ಲಿ 0 ಸಿಗದೆ ಹೋದರೆ 97 ಅನ್ನೋ ರೀಡಿಂಗನ್ನೂ ನಂಬುವ ಹಾಗಿಲ್ಲ.

ಬೀಕರಿಗೆ ಐಸ್ ತುಂಡು ಹಾಕಿ ಕೆಳಗೆ ದೀಪ ಹಚ್ಚಿದಾಗ ಆಗುವುದನ್ನು ಹತ್ತಿರದಿಂದ ನೋಡಿ. ಎರಡು ಮೂರು ನಿಮಿಷಕ್ಕೆ ತಳದಲ್ಲಿ ಒಂದು ಬೆರಳಿನಷ್ಟು ನೀರು ನಿಲ್ಲುತ್ತದೆ, ಐಸ್ ಅದರ ಮೇಲೆ ತೇಲುತ್ತದೆ. ಥರ್ಮಾಮೀಟರಿನ ಬುರುಡೆ ಇರುವುದು ತಳದ ನೀರಿನಲ್ಲಿ, ಐಸಿಗೆ ಅದು ತಾಗಿಕೊಂಡೇ ಇಲ್ಲ. ಇಲ್ಲಿ ನೀರಿನ ಒಂದು ವಿಚಿತ್ರ ಗುಣ ಕೆಲಸ ಮಾಡುತ್ತದೆ. ಬೇರೆ ದ್ರವಗಳು ಕಾದಂತೆಲ್ಲ ಹಗುರಾಗಿ ಮೇಲೇರುತ್ತವೆ. ನೀರು ಮಾತ್ರ 0ಯಿಂದ 4 ಡಿಗ್ರಿವರೆಗೆ ಕಾದರೆ ಇನ್ನಷ್ಟು ಭಾರವಾಗುತ್ತದೆ. ವ್ಯತ್ಯಾಸ ತೀರಾ ಸಣ್ಣದು, 1 ಲೀಟರಿಗೆ ಸುಮಾರು 0.13 ಗ್ರಾಂ. ಆದರೂ ನೀರು ತಳದಲ್ಲೇ ಕೂರಲು ಅಷ್ಟು ಸಾಕು. ಹಾಗಾಗಿ ಜ್ವಾಲೆಗೆ ಹತ್ತಿರವಿರುವ ನೀರು 4 ಡಿಗ್ರಿ ಮುಟ್ಟುವವರೆಗೂ ಮೇಲೇಳುವುದಿಲ್ಲ. 4 ದಾಟಿದ ಮೇಲೆಯೇ ಹಗುರಾಗಿ ಮೇಲೆ ಹೋಗಿ ಐಸನ್ನು ಕರಗಿಸುತ್ತದೆ. ಅಂದರೆ ನಿಮ್ಮ ಥರ್ಮಾಮೀಟರ್ ಸುಳ್ಳು ಹೇಳಿಲ್ಲ, ತಾನು ಕೂತಿದ್ದ ಜಾಗದ ತಾಪವನ್ನೇ ಹೇಳಿದೆ. ಜ್ವಾಲೆ ಜೋರಾಗಿದ್ದಿದ್ದರೆ 7, 8 ಕೂಡ ತೋರಿಸುತ್ತಿತ್ತು, ಐಸ್ ಮೇಲೆ ತೇಲುತ್ತಲೇ ಇರುತ್ತಿತ್ತು.

ಹೀಗೆ ಮಾಡಿ ನೋಡಿ. ಐಸನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಗುಂಡುಕಲ್ಲಿನಿಂದ ಕಡಲೆಕಾಯಿ ಬೀಜದ ಗಾತ್ರಕ್ಕೆ ಕುಟ್ಟಿ. ಒಂದು ಲೋಟಕ್ಕೆ ಬಾಯಿವರೆಗೂ ತುಂಬಿ, ಸುತ್ತ ಟವೆಲ್ ಸುತ್ತಿ. ಫ್ರಿಜ್ಜಿನಲ್ಲಿಟ್ಟ ಶುದ್ಧ ನೀರನ್ನು ಐಸಿನ ಸಂದುಗಳು ತುಂಬುವಷ್ಟು ಮಾತ್ರ ಹಾಕಿ. ಐಸ್ ತೇಲಿದರೆ ನೀರು ಹೆಚ್ಚಾಗಿದೆ ಅಂತ ಅರ್ಥ, ಸ್ವಲ್ಪ ಬಗ್ಗಿಸಿ ಚೆಲ್ಲಿ. ಐಸ್ ತಳದವರೆಗೂ ಒತ್ತಾಗಿ ಕೂತಿರಬೇಕು. ಥರ್ಮಾಮೀಟರಿನ ಬುರುಡೆಯನ್ನು ಲೋಟದ ನಡುವೆ, ಗೋಡೆಗೂ ತಳಕ್ಕೂ ತಾಗದ ಹಾಗೆ, 0 ಗೆರೆ ಐಸಿನಿಂದ ಸ್ವಲ್ಪವೇ ಮೇಲೆ ಕಾಣುವಷ್ಟು ಇಳಿಸಿ. ಅರ್ಧ ನಿಮಿಷಕ್ಕೊಮ್ಮೆ ಮರದ ಕಡ್ಡಿಯಿಂದ ಕಲಕಿ. ಥರ್ಮಾಮೀಟರಿನಿಂದ ಕಲಕಬೇಡಿ, ಬುರುಡೆಯ ಗಾಜು ಕಾಗದದಷ್ಟು ತೆಳು. ಮೂರು ನಿಮಿಷ ಬಿಟ್ಟು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಓದಿ. ಬೆಂಚಿನ ಮೇಲಿಟ್ಟು ನಿಂತುಕೊಂಡೇ ಓದಿದರೆ ಸುಮ್ಮನೆ ಒಂದು ಡಿಗ್ರಿ ಹೆಚ್ಚು ಬರುತ್ತದೆ.

ಇಲ್ಲಿ ದೀಪ ಬೇಕಾಗಿಲ್ಲ. ಕೋಣೆಯ ಶಾಖವೇ ಐಸನ್ನು ನಿಧಾನವಾಗಿ ಕರಗಿಸುತ್ತಿರುತ್ತದೆ, ಕಾಲು ಗಂಟೆ ಕಳೆದರೂ ಸೂಚಿ 0 ಬಿಟ್ಟು ಕದಲುವುದಿಲ್ಲ. ಸ್ಥಿತಿ ಬದಲಾಗುವಾಗ ತಾಪ ಬದಲಾಗದು ಎಂಬ ಮಾತನ್ನು ಮಕ್ಕಳ ಕಣ್ಣಿಗೆ ಕಟ್ಟಿಸಲು ದೀಪದ ಪ್ರಯೋಗಕ್ಕಿಂತ ಇದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಇಷ್ಟು ಮಾಡಿದ ಮೇಲೂ 1 ಅಥವಾ 2 ತೋರಿಸಿದರೆ ಅದು ಥರ್ಮಾಮೀಟರಿನ ದೋಷವೇ. ಬಿಸಾಡಬೇಕಿಲ್ಲ; 'ಸೊನ್ನೆ ದೋಷ +1' ಅಂತ ಒಂದು ಚೀಟಿ ಅಂಟಿಸಿ, ಮುಂದೆ ಪ್ರತಿ ರೀಡಿಂಗಿನಿಂದ ಅದನ್ನು ಕಳೆಯಿರಿ. ಕೆಂಪು ದ್ರವದ ಥರ್ಮಾಮೀಟರಾದರೆ ಆ ಕೆಂಪು ದಾರ ನಡುವೆ ತುಂಡಾಗಿದೆಯೇ ಅಂತ ಬೆಳಕಿಗೆ ಹಿಡಿದು ನೋಡಿ. ಅಡ್ಡಡ್ಡ ಮಲಗಿಸಿಟ್ಟವು, ಸಾಗಣೆಯಲ್ಲಿ ಕುಲುಕಾಡಿದವು ಹೀಗಾಗುವುದು ಸಾಮಾನ್ಯ. ತುಂಡಿನ ಉದ್ದದಷ್ಟು ಡಿಗ್ರಿ ತಪ್ಪು ಬರುತ್ತದೆ. ತುಂಡಾದ ದಾರವನ್ನು ಮತ್ತೆ ಕೂಡಿಸಬಹುದು. ಮೂರು ಪಾಲು ಕುಟ್ಟಿದ ಐಸಿಗೆ ಒಂದು ಪಾಲು ಉಪ್ಪು ಬೆರೆಸಿದರೆ ತಾಪ ಸೊನ್ನೆಗಿಂತ ಹದಿನೈದಿಪ್ಪತ್ತು ಡಿಗ್ರಿ ಕೆಳಗಿಳಿಯುತ್ತದೆ. ಅದರಲ್ಲಿ ಬುರುಡೆಯನ್ನು ಮಾತ್ರ ನೆಟ್ಟಗೆ ಅದ್ದಿ ಹಿಡಿದರೆ ದ್ರವವೆಲ್ಲ ಬುರುಡೆಗೆ ಇಳಿದು ಮತ್ತೆ ಒಂದಾಗುತ್ತದೆ.

ಐಸ್ ಎಲ್ಲಿಂದ ತಂದಿರಿ ಅನ್ನುವುದೂ ಮುಖ್ಯ. ಫ್ರೀಜರಿನಿಂದ ಆಗ ತಾನೆ ತೆಗೆದ ಐಸ್ ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ, ಮೇಲ್ಮೈ ಒದ್ದೆಯಾಗಿ ಹೊಳೆಯುವವರೆಗೆ ಕಾಯಬೇಕು. ಐಸ್ ಫ್ಯಾಕ್ಟರಿಯ ದೊಡ್ಡ ಗಡ್ಡೆಯಾದರೆ, ಅದನ್ನು ಉಪ್ಪುನೀರಿನ ತೊಟ್ಟಿಯಲ್ಲಿ ಮುಳುಗಿಸಿದ ಡಬ್ಬಗಳಲ್ಲಿ ಗಟ್ಟಿ ಮಾಡಿರುತ್ತಾರೆ. ಹೊರಗೆ ಉಪ್ಪುನೀರು ಅಂಟಿದ್ದರೆ ರೀಡಿಂಗ್ ಸೊನ್ನೆಗಿಂತ ಇಳಿಯುತ್ತದೆ, ತೊಳೆದು ಬಳಸಿ.

ಈಗ 97. ಕುದಿಯುವುದು ಅಂದರೇನು ಅಂತ ಸ್ವಲ್ಪ ಬಿಡಿಸಿ ನೋಡಬೇಕು. ಬೀಕರಿನ ತಳದಲ್ಲಿ ಆವಿಯ ಗುಳ್ಳೆ ಹುಟ್ಟಿ ಉಳಿಯಬೇಕಾದರೆ, ಒಳಗಿನ ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸರಿಸಮವಾಗಬೇಕು. ಕಡಿಮೆಯಾದರೆ ಗಾಳಿ ಗುಳ್ಳೆಯನ್ನು ಹಿಸುಕಿಬಿಡುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸ. ನೀರಿನ ಆವಿ ಆ ಒತ್ತಡ ಮುಟ್ಟುವುದು 100 ಡಿಗ್ರಿಯಲ್ಲಿ. ಚಿಕ್ಕಬಳ್ಳಾಪುರ ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಅಲ್ಲಿ ಒತ್ತಡ 680ರ ಆಸುಪಾಸು. ಅಷ್ಟನ್ನು ಮುಟ್ಟಲು ನೀರಿಗೆ 97 ಡಿಗ್ರಿ ಸಾಕು. ಲೆಕ್ಕಕ್ಕೆ ಒಂದು ಸುಲಭ ಸೂತ್ರ: 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಡಿಗ್ರಿ ಇಳಿಸಿ. ಎಂಟುನೂರು ಚಿಲ್ಲರೆ ಮೀಟರಿನ ಕೋಲಾರ, ತುಮಕೂರುಗಳಲ್ಲಿ 97ಕ್ಕಿಂತ ಕಾಲು ಡಿಗ್ರಿ ಮೇಲೆ. ತಗ್ಗಿನಲ್ಲಿರುವ ಪಾವಗಡದಲ್ಲಿ 98ರ ಹತ್ತಿರ. 1,478 ಮೀಟರ್ ಎತ್ತರದ ನಂದಿಬೆಟ್ಟದ ಮೇಲೆ 95. ನೆಟ್ಟಗೆ 100 ಬೇಕೆಂದರೆ ಮಂಗಳೂರಿಗೇ ಹೋಗಬೇಕು.

ಐಸಿನ ಕರಗುವ ಬಿಂದು ಮಾತ್ರ ಏಕೆ ಎಲ್ಲೆಡೆ 0? ಚುರುಕಾದ ಹುಡುಗಿಯೊಬ್ಬಳು ಖಂಡಿತ ಕೇಳುತ್ತಾಳೆ. 1 ಗ್ರಾಂ ಐಸ್ ಕರಗಿ ನೀರಾದಾಗ ಅದರ ಗಾತ್ರ 1.09 ಮಿಲಿಲೀಟರಿನಿಂದ 1 ಮಿಲಿಲೀಟರಿಗೆ ಇಳಿಯುತ್ತದೆ, ಅಷ್ಟೆ. ಅದೇ 1 ಗ್ರಾಂ ನೀರು ಕುದಿದು ಆವಿಯಾದರೆ ಸುಮಾರು 1,670 ಮಿಲಿಲೀಟರ್ ಜಾಗ ಬೇಕು. ಗಾಳಿಯನ್ನು ಅಷ್ಟು ದೂರ ತಳ್ಳಿ ಜಾಗ ಮಾಡಿಕೊಳ್ಳುವ ಕೆಲಸದಲ್ಲಿ ಗಾಳಿ ಎಷ್ಟು ಬಿಗಿಯಾಗಿದೆ ಅನ್ನುವುದು ಲೆಕ್ಕಕ್ಕೆ ಬರುತ್ತದೆ. ಕರಗುವುದರಲ್ಲಿ ತಳ್ಳುವುದೇ ಇಲ್ಲದಷ್ಟು ಕಡಿಮೆ. ನಿಮ್ಮೂರಿಗೂ ಕರಾವಳಿಗೂ ಕರಗುವ ಬಿಂದುವಿನಲ್ಲಿರುವ ವ್ಯತ್ಯಾಸ ಒಂದು ಡಿಗ್ರಿಯ ಸಾವಿರದಲ್ಲೊಂದು ಭಾಗವೂ ಇಲ್ಲ.

ಒತ್ತಡ ತಿಳಿಯಲು ಮೊಬೈಲಿನ ಹವಾಮಾನ ಆ್ಯಪ್ ನೋಡಿದರೆ ಮೋಸ ಹೋಗುತ್ತೀರಿ. ಅದು 1010, 1012 ಹೆಕ್ಟೊಪಾಸ್ಕಲ್ ಅಂತ ತೋರಿಸುತ್ತದೆ. ಬೇರೆ ಬೇರೆ ಊರುಗಳನ್ನು ಹೋಲಿಸಲು ಸಮುದ್ರಮಟ್ಟಕ್ಕೆ ಪರಿವರ್ತಿಸಿದ ಸಂಖ್ಯೆ ಅದು, ನಿಮ್ಮ ತರಗತಿಯ ಗಾಳಿಯದ್ದಲ್ಲ. ಫೋನಿನ ಒಳಗೇ ಬ್ಯಾರೋಮೀಟರ್ ಸೆನ್ಸಾರ್ ಇದ್ದರೆ ಅದು 910 ಹೆಕ್ಟೊಪಾಸ್ಕಲ್ ಹತ್ತಿರ ತೋರಿಸುತ್ತದೆ, ಅಂದರೆ ಮೇಲೆ ಹೇಳಿದ 680 ಮಿಲಿಮೀಟರ್ ಪಾದರಸದಷ್ಟೇ. ಲೆಕ್ಕಕ್ಕೆ ಬೇಕಾದದ್ದು ಅದು.

ಬೋರ್‌ವೆಲ್ ನೀರಿನ ಅನುಮಾನ ಸಹಜ, ಆದರೆ ದಿಕ್ಕೇ ಉಲ್ಟಾ. ನೀರಿನಲ್ಲಿ ಉಪ್ಪು ವಿಲೀನವಾದರೆ ಕುದಿಯುವ ಬಿಂದು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಏರುವುದೂ ಎಷ್ಟು? 1 ಲೀಟರಿಗೆ 1 ಗ್ರಾಂ ಉಪ್ಪಿರುವ, ಬಾಯಿಗಿಟ್ಟರೆ ಸ್ವಲ್ಪ ಉಪ್ಪುಪ್ಪಾಗಿರುವ ನೀರು ಕೂಡ ಶುದ್ಧ ನೀರಿಗಿಂತ 0.02 ಡಿಗ್ರಿಯಷ್ಟೇ ಹೆಚ್ಚಿನಲ್ಲಿ ಕುದಿಯುತ್ತದೆ. ನಿಮ್ಮ ಥರ್ಮಾಮೀಟರಿಗೆ ಅದು ಕಾಣುವುದೇ ಇಲ್ಲ. ಒಂದು ಡಿಗ್ರಿ ಏರಿಸಬೇಕಾದರೆ ಲೀಟರಿಗೆ 57 ಗ್ರಾಂ ಅಡುಗೆ ಉಪ್ಪು ಸುರಿಯಬೇಕು; ಮಕ್ಕಳಿಂದ ಮಾಡಿಸಿ ನೋಡಬಹುದಾದ ಪ್ರಯೋಗವೇ ಇದು. ಮಾತು ಬಂದದ್ದಕ್ಕೆ ಇನ್ನೊಂದು: ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಜಿಲ್ಲೆಗಳಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡ್ ಸಮಸ್ಯೆ ಇರುವ ಹಳ್ಳಿಗಳಿವೆ. ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಅಂತ ನಂಬಿದವರಿದ್ದಾರೆ. ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿಯುತ್ತದೆ. ಅಂದರೆ ಇನ್ನಷ್ಟು ಗಾಢವಾಗುತ್ತದೆ.

ನಿಮಗೆ ಬಂದ 97 ಸರಿಯಾದ ಕಾರಣಕ್ಕೇ ಬಂದಿದೆಯೇ ಅನ್ನುವುದನ್ನು ಮಾತ್ರ ಒಮ್ಮೆ ಪರೀಕ್ಷಿಸಿಕೊಳ್ಳಿ. ಎರಡು ತಪ್ಪು ಸೇರಿ ಒಂದು ಸರಿ ಬರುವುದೂ ಉಂಟು. ಥರ್ಮಾಮೀಟರುಗಳಲ್ಲಿ ಎರಡು ಜಾತಿ. ಒಂದರಲ್ಲಿ ಬುರುಡೆಯಿಂದ ಸುಮಾರು 76 ಮಿಲಿಮೀಟರ್ ಮೇಲೆ ಸುತ್ತಲೂ ಒಂದು ಗೆರೆ ಇರುತ್ತದೆ, ಅಲ್ಲಿಯವರೆಗೆ ಮುಳುಗಿಸಿದರೆ ರೀಡಿಂಗ್ ಸರಿ. ಇನ್ನೊಂದರಲ್ಲಿ ಗೆರೆ ಇರುವುದಿಲ್ಲ. ದ್ರವದ ದಾರ ಎಲ್ಲಿಯವರೆಗೆ ಏರಿದೆಯೋ ಅಲ್ಲಿಯವರೆಗೂ ಮುಳುಗಿರಬೇಕು ಅಂತ ಲೆಕ್ಕ ಹಾಕಿ ಅದಕ್ಕೆ ಅಂಕೆ ಹಾಕಿರುತ್ತಾರೆ. ಇದನ್ನು ಬೀಕರಿನ ಮೂರು ಬೆರಳು ನೀರಿನಲ್ಲಿಟ್ಟರೆ ಉಳಿದ ದಾರವೆಲ್ಲ ತಣ್ಣನೆ ಗಾಳಿಯಲ್ಲಿ ಕುಗ್ಗಿ ಕೂರುತ್ತದೆ. ಪಾದರಸದ್ದಾದರೆ ಇದರಿಂದ ಒಂದು ಡಿಗ್ರಿಯ ಆಸುಪಾಸು ಕಡಿಮೆ ತೋರಿಸುತ್ತದೆ. ಕೆಂಪು ದ್ರವ ಪಾದರಸಕ್ಕಿಂತ ಐದಾರು ಪಟ್ಟು ಹೆಚ್ಚು ಹಿಗ್ಗುವಂಥದ್ದು. ಅದರಲ್ಲಿ ನಾಲ್ಕೈದು ಡಿಗ್ರಿಯೇ ಖೋತಾ ಆಗಬಹುದು. "ನಮ್ಮಲ್ಲಿ 92ಕ್ಕೇ ಕುದಿಯಿತು" ಅನ್ನುವ ಶಾಲೆಗಳಲ್ಲಿ ಬಹುಪಾಲು ಇದೇ ಕಥೆ.

ಇದಕ್ಕೆ ಪರಿಹಾರ: ಬುರುಡೆಯನ್ನು ನೀರಿಗೆ ಹಾಕದೆ ಆವಿಯಲ್ಲಿಡುವುದು. ಉದ್ದ ಕತ್ತಿನ ಫ್ಲಾಸ್ಕಿನಲ್ಲಿ ಕಾಲುಭಾಗ ನೀರು ಹಾಕಿ, ಎರಡು ತೂತಿನ ಕಾರ್ಕ್ ಸಿಗಿಸಿ. ಒಂದು ತೂತಿನಲ್ಲಿ ಥರ್ಮಾಮೀಟರ್, ಬುರುಡೆ ನೀರಿನ ಮಟ್ಟಕ್ಕಿಂತ ಒಂದೆರಡು ಸೆಂಟಿಮೀಟರ್ ಮೇಲೆ. ಇನ್ನೊಂದು ತೂತು ಆವಿ ಹೊರಗೆ ಹೋಗಲು, ಅದು ಯಾವ ಕಾರಣಕ್ಕೂ ಮುಚ್ಚಿರಬಾರದು. ಮುಚ್ಚಿದರೆ ಒಳಗೆ ಒತ್ತಡ ಏರಿ ಕಾರ್ಕ್ ಹಾರೀತು, ಫ್ಲಾಸ್ಕೇ ಸಿಡಿಯಲೂಬಹುದು. ಆವಿಯಲ್ಲಿ ದಾರದ ಬಹುಭಾಗ ಬಿಸಿಯಾಗಿಯೇ ಇರುತ್ತದೆ, ನೀರಿನ ಉಪ್ಪಿನ ಪ್ರಶ್ನೆಯೂ ಉಳಿಯುವುದಿಲ್ಲ. ಜ್ವರ ನೋಡುವ ಥರ್ಮಾಮೀಟರನ್ನು ಮಾತ್ರ ಯಾರೂ ಬಿಸಿನೀರಿಗೆ ಇಳಿಸದ ಹಾಗೆ ನೋಡಿಕೊಳ್ಳಿ; ಅದರ ಅಂಕೆ 42ಕ್ಕೇ ಮುಗಿಯುತ್ತದೆ, ಅಲ್ಲಿಂದ ಮುಂದೆ ಒಡೆಯುವುದೊಂದೇ ದಾರಿ.

ಕುದಿಯಿತು ಅಂತ ಯಾವಾಗ ಬರೆದುಕೊಳ್ಳಬೇಕು ಅನ್ನುವುದರಲ್ಲೂ ಮಕ್ಕಳು ಅವಸರ ಮಾಡುತ್ತಾರೆ. 50, 60 ಡಿಗ್ರಿಯಲ್ಲೇ ಗಾಜಿನ ಗೋಡೆಗೆ ಸಾಸಿವೆಯಂಥ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಅವು ನೀರಿನಲ್ಲಿ ವಿಲೀನವಾಗಿದ್ದ ಗಾಳಿ, ಆವಿಯಲ್ಲ. ಆಮೇಲೆ ನೀರು ಹಾಡತೊಡಗುತ್ತದೆ: ತಳದಲ್ಲಿ ಹುಟ್ಟಿದ ಆವಿಗುಳ್ಳೆ ಮೇಲಿನ ತಣ್ಣನೆ ನೀರಿಗೆ ಬಂದು ಕುಸಿಯುವ ಸದ್ದದು. ಮುದ್ದೆಗೆ ಎಸರಿಟ್ಟವರಿಗೆಲ್ಲ ಆ ಸದ್ದು ಗೊತ್ತು, ಸದ್ದು ನಿಂತು ಎಸರು ಮರಳಿದ ಮೇಲೆಯೇ ಅವರು ಹಿಟ್ಟು ಹಾಕುವುದು. ರೀಡಿಂಗ್ ತೆಗೆದುಕೊಳ್ಳುವುದಕ್ಕೂ ಅದೇ ಹದ. ಗುಳ್ಳೆಗಳು ತಳದಿಂದ ದೊಡ್ಡದಾಗುತ್ತಾ ಬಂದು ಮೇಲ್ಮೈಯಲ್ಲಿ ಒಡೆಯಬೇಕು, ಸೂಚಿ ಎರಡು ನಿಮಿಷ ಕದಲದೆ ನಿಂತಿರಬೇಕು.

ಹೊಸ, ನುಣುಪಾದ ಬೀಕರಿನಲ್ಲಿ ಇನ್ನೊಂದು ತೊಂದರೆ. ಗುಳ್ಳೆ ಹುಟ್ಟಲು ಒಂದು ಒರಟು ಜಾಗ ಸಿಗದೆ ನೀರು ತನ್ನ ಕುದಿಯುವ ಬಿಂದುವನ್ನೂ ದಾಟಿ ಸುಮ್ಮನೆ ಕಾಯುತ್ತದೆ, ಆಮೇಲೆ ಒಂದೇ ಸಲ ಚಿಮ್ಮುತ್ತದೆ. ಮಡಕೆಯ ಎರಡು ಮೂರು ಚೂರುಗಳನ್ನು, ಬಟಾಣಿ ಗಾತ್ರದವು, ಮೊದಲೇ ಹಾಕಿಟ್ಟರೆ ಗುಳ್ಳೆಗಳು ಅವುಗಳಿಂದ ಸಮನಾಗಿ ಏಳುತ್ತವೆ. ಮರೆತಿದ್ದರೆ ಬಿಸಿನೀರಿಗೆ ಹಾಕಬೇಡಿ, ಮುಖಕ್ಕೇ ಉಕ್ಕುತ್ತದೆ. ದೀಪ ಆರಿಸಿ, ತಣಿಸಿ, ಆಮೇಲೆ ಹಾಕಿ.

ಒಂದು ಮಾತಿನ ತೊಡಕನ್ನೂ ಪಾಠದಲ್ಲಿ ಬಿಡಿಸುವುದು ಒಳ್ಳೆಯದು. ಸಕ್ಕರೆ ನೀರಿನಲ್ಲಿ 'ಕರಗಿತು' ಅನ್ನುತ್ತೇವೆ, ಐಸೂ 'ಕರಗಿತು' ಅನ್ನುತ್ತೇವೆ. ಮೊದಲನೆಯದು ವಿಲೀನವಾಗುವುದು, ಅದಕ್ಕೆ ಇನ್ನೊಂದು ವಸ್ತು ಬೇಕು. ಎರಡನೆಯದು ಸ್ಥಿತಿ ಬದಲಾವಣೆ, ಶಾಖ ಸಾಕು. ಪರೀಕ್ಷೆಯಲ್ಲಿ 'ಕರಗುವ ಬಿಂದು' ಅಂದರೆ ಸಕ್ಕರೆ ನೀರಿನ ಉದಾಹರಣೆ ಬರೆಯುವ ಮಕ್ಕಳು ಇರುವುದು ಇದರಿಂದಲೇ. ಹಾಗೆಯೇ ಇಡ್ಲಿ ಪಾತ್ರೆಯಿಂದ ಏಳುವ ಬೆಳ್ಳಗಿನ ಹಬೆ ಅನಿಲವಲ್ಲ, ಗಾಳಿಗೆ ತಣಿದ ಸಣ್ಣ ಸಣ್ಣ ನೀರಹನಿಗಳು. ನಿಜವಾದ ಆವಿ ಕಣ್ಣಿಗೆ ಕಾಣುವುದಿಲ್ಲ. ಕುದಿಯುವ ಕೆಟಲಿನ ಮೂತಿಗೂ ಬಿಳಿ ಹಬೆಗೂ ನಡುವೆ ಇರುವ ಖಾಲಿ ಜಾಗದಲ್ಲಿ ಅದು ಇರುತ್ತದೆ.

ಗ್ರಾಫ್ ಬರೆಸುವಾಗ ಪುಸ್ತಕದ ಚಿತ್ರದ ಹಾಗೆ ಎರಡೂ ಅಡ್ಡಗೆರೆಗಳನ್ನು ಒಂದೇ ಉದ್ದ ಎಳೆಸಬೇಡಿ. ನಿಮ್ಮ 150 ಗ್ರಾಮಿಗೇ ಲೆಕ್ಕ ಹಾಕಿ: ಐಸ್ ಪೂರ್ತಿ ಕರಗಲು 50 ಕಿಲೋಜೂಲ್, ಆ ನೀರು 0ಯಿಂದ 97ಕ್ಕೆ ಏರಲು 61, ಎಲ್ಲ ಆವಿಯಾಗಿ ಬೀಕರ್ ಬರಿದಾಗಲು ಸುಮಾರು 339. ಜ್ವಾಲೆ ಒಂದೇ ಸಮನಿದ್ದು, ಶಾಖ ಹೊರಗೆ ಸೋರದಿದ್ದರೆ, ಕರಗಲು 5 ನಿಮಿಷ ಹಿಡಿದಲ್ಲಿ ಕಾಯಲು 6 ನಿಮಿಷ, ಬತ್ತಲು 34 ನಿಮಿಷ. ಎರಡನೇ ಅಡ್ಡಗೆರೆ ಮೊದಲನೆಯದರ ಏಳುಪಟ್ಟು ಉದ್ದ. ಎಷ್ಟು ಕಾಯಿಸಿದರೂ 97 ದಾಟಲಿಲ್ಲ ಅಂದಿರಲ್ಲ, ಆ ಶಾಖವೆಲ್ಲ ಹೋದದ್ದು ಈ ಏಳುಪಟ್ಟಿಗೆ.

ಮನೆಯಲ್ಲಿ ಬೇಳೆ ಬೇಯುವುದು ಇಲ್ಲಿ ತಡವೇ ಅಂತ ಮಕ್ಕಳು ಕೇಳಿದರೆ, ತೆರೆದ ಪಾತ್ರೆಯಲ್ಲಿ ಹೌದು, ಸ್ವಲ್ಪ ತಡ. ಉರಿ ಜೋರು ಮಾಡಿದರೂ ನೀರು 97 ದಾಟುವುದಿಲ್ಲ, ಗ್ಯಾಸ್ ದಂಡ. ಕುಕ್ಕರಿನಲ್ಲಿ ವ್ಯತ್ಯಾಸ ಕಡಿಮೆ. ಅದರ ಮುಚ್ಚಳದ ಮೇಲಿನ ತೂಕ ಸುಮಾರು ಒಂದು ವಾಯುಭಾರದಷ್ಟು, ಅಂದರೆ ಸಮುದ್ರಮಟ್ಟದ ಗಾಳಿಯಷ್ಟು, ಒತ್ತಡವನ್ನು ಹೊರಗಿನ ಗಾಳಿಯ ಮೇಲೆ ಸೇರಿಸುತ್ತದೆ. ಮಂಗಳೂರಿನಲ್ಲಿ ಒಳಗಿನ ತಾಪ 120 ಆದರೆ ಚಿಕ್ಕಬಳ್ಳಾಪುರದಲ್ಲಿ 118.

ರೆಕಾರ್ಡಿನ ವಿಷಯದಲ್ಲಿ ನನ್ನ ಮಾತು ಕಟುವಾಗಿ ಕೇಳಿಸಿದರೂ ಸರಿ: 97 ಬಂದಲ್ಲಿ 100 ಬರೆಸಬೇಡಿ. ಕಂಡದ್ದನ್ನು ಬಿಟ್ಟು ಪುಸ್ತಕದ್ದನ್ನು ಬರೆಯುವ ಅಭ್ಯಾಸ ಮಕ್ಕಳಿಗೆ ಹತ್ತುವುದು ಇಂಥಲ್ಲೇ. ಹೀಗೆ ಬರೆಸಬಹುದು: "ಗಮನಿಸಿದ ಕುದಿಯುವ ತಾಪ 97 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರಿನ ಸೊನ್ನೆ ದೋಷ 0. ಸ್ಥಳದ ಎತ್ತರ ಸುಮಾರು 900 ಮೀಟರ್, ಆದ್ದರಿಂದ ಒಂದು ವಾಯುಭಾರಕ್ಕೆ ಹೋಲಿಸಿದರೆ ಸುಮಾರು 3 ಡಿಗ್ರಿ ಕಡಿಮೆ." ಪರೀಕ್ಷೆಯಲ್ಲಿ ನೀರಿನ ಕುದಿಯುವ ಬಿಂದು ಎಷ್ಟು ಅಂತ ಕೇಳಿದರೆ 'ಒಂದು ವಾಯುಭಾರ ಒತ್ತಡದಲ್ಲಿ 100 ಡಿಗ್ರಿ ಸೆಲ್ಸಿಯಸ್, ಅಂದರೆ 373 ಕೆಲ್ವಿನ್' ಅನ್ನಬೇಕು. ಮೊದಲ ಮೂರು ಪದಗಳನ್ನು ಬಿಡಬಾರದು. ಪುಸ್ತಕದಲ್ಲಿ ಅವು ಇದ್ದೇ ಇವೆ, ಓದುವಾಗ ನಾವೇ ಹಾರಿಸಿಬಿಡುತ್ತೇವೆ.

ಐಸಿನ 4 ಡಿಗ್ರಿಯನ್ನೂ ಅಳಿಸಬೇಡಿ. ಕುಟ್ಟಿದ ಐಸಿನಲ್ಲಿ 0 ಬಂದ ಮೇಲೆ, ಅದೇ ಥರ್ಮಾಮೀಟರನ್ನು ಮತ್ತೆ ತೇಲುವ ಐಸಿನ ಬೀಕರಿಗೆ ಹಾಕಿ, ಬುರುಡೆಯನ್ನು ಒಮ್ಮೆ ತಳದಲ್ಲಿ, ಒಮ್ಮೆ ಐಸಿನ ಪಕ್ಕದಲ್ಲಿ ಹಿಡಿದು ಎರಡನ್ನೂ ಬರೆಸಿ. ಕಲಕದೆ ಬಿಟ್ಟ ನೀರಿನಲ್ಲಿ ಮೇಲೆ ತಣ್ಣಗೆ, ಕೆಳಗೆ ಬೆಚ್ಚಗೆ ಕಾಣುತ್ತದೆ. ಸ್ನಾನದ ಹಂಡೆಯಲ್ಲಿ ಮೇಲಿನ ನೀರೇ ಹೆಚ್ಚು ಬಿಸಿ ಅನ್ನುವುದನ್ನು ಕೈ ಅದ್ದಿ ಬಲ್ಲ ಮಕ್ಕಳು ಅಲ್ಲಿಂದ ಮುಂದಿನ ಪ್ರಶ್ನೆಯನ್ನು ತಾವೇ ಕೇಳುತ್ತಾರೆ.